ದನಿಯಿಲ್ಲದ ಮಗ್ಗಿ

ನಮ್ಮ ಮಾಸ್ತರರು ಹೊಸ ಮಕ್ಕಳಿಗೆ ಮೊದಲ ದಿನ ಅಕ್ಷರ ಕಲಿಸುತ್ತಿರಲಿಲ್ಲ. ದಾರಿ ತಪ್ಪಿದರೆ ಏನು ಮಾಡಬೇಕೆಂದು ಕಲಿಸುತ್ತಿದ್ದರು.

ಅದಕ್ಕೆ ಕಾರಣವಿತ್ತು. ನಮ್ಮ ಊರು ಅತನೂರಿಗೂ ಅಫಜಲಪುರಕ್ಕೂ ನಡುವೆ. ಮಳೆಗಾಲದಲ್ಲಿ ಸುತ್ತಲಿನ ಮಡ್ಡಿ ಹೊಲಗಳಲ್ಲಿ ಸಜ್ಜೆ ಆಳೆತ್ತರ ಬೆಳೆದು ನಿಲ್ಲುತ್ತಿತ್ತು. ಹೊಲದ ಮನೆಗಳಿಂದ ಶಾಲೆಗೆ ಬರುವ ಸಣ್ಣ ಮಕ್ಕಳು ಕಾಲುದಾರಿ ಬಿಟ್ಟು ಒಳಗೆ ಹೊಕ್ಕರೆ ಮುಗಿಯಿತು, ಅವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ದಾರಿ ತಪ್ಪಿದವ ನಡೀಬಾರದು, ಅಳಬಾರದು," ಎನ್ನುತ್ತಿದ್ದರು ಮಾಸ್ತರರು. "ಇದ್ದಲ್ಲೇ ಕುಂತು ಎರಡರ ಮಗ್ಗಿ ಹೇಳ್ರಿ. ಹತ್ತರ ತನಕ ಹೋಗ್ರಿ, ತಿರಗಿ ಒಂದರಿಂದ ಹಿಡೀರಿ. ಅತ್ತರ ದನಿ ಬಿದ್ದು ಹೋಗ್ತದ. ಮಗ್ಗಿ ಹೇಳಿದ್ರ ಅಂಜಿಕಿ ಹತ್ರ ಬರಂಗಿಲ್ಲ. ಹುಡುಕೋರು ದನಿ ಹಿಡಕೊಂಡು ಬರ್ತಾರ."

ಮಠದ ಪಡಸಾಲೆಯೇ ನಮ್ಮ ಶಾಲೆ. ಊರಲ್ಲಿ ಸರಕಾರಿ ಶಾಲೆ ಒಂದಿತ್ತು, ಅಲ್ಲಿ ಉರ್ದು ಕಲಿಸುತ್ತಿದ್ದರು. ಕನ್ನಡ ಬೇಕಾದವರು ಮಠಕ್ಕೆ ಬರಬೇಕು. ಹೆಣ್ಣುಮಕ್ಕಳು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಮತ್ತು ನನ್ನ ತಂಗಿ ಹೋದದ್ದು ಮಾಸ್ತರರು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತು, ಏಳಲು ಒಪ್ಪದೆ ಇದ್ದುದರಿಂದ.

"ಹೆಣ್ಣು ಹುಡಿಗ್ಯಾರು ಮಗ್ಗಿ ಕಲ್ತು ಏನ್ ಮಾಡ್ತಾರ್ರಿ? ರೊಟ್ಟಿ ಎಣಸ್ತಾರೇನು?" ಎಂದು ಅವ್ವ ಒಳಗಿನಿಂದಲೇ ಕೇಳಿದಳು.

"ಎಣಸ್ಲಿ ಬಿಡ್ರಿ ತಾಯಿ. ನೀವು ಎಣಸಂಗಿಲ್ಲ ಅಂತ ತಿಳದ ನಿಮ್ಮ ಮಾವ ದಿನಾ ಎರಡು ಜಾಸ್ತಿ ಹೊಡೀತಾನ."

ತಾತ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಿದ್ದ. ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಮರುದಿನ ನಾವು ಶಾಲೆಯಲ್ಲಿದ್ದೆವು. ನನಗೆ ಆಗ ಹತ್ತರ ಆಸುಪಾಸು. ತಂಗಿ ಇನ್ನೂ ಹಾಲುಹಲ್ಲಿನವಳು.

ನಲವತ್ತೇಳರ ಮಳೆಗಾಲದಲ್ಲಿ ಭೀಮೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂತು. ನಮ್ಮ ದಂಡೆಗೆ ಬರಲಿಲ್ಲ. ನಾವು ಹೈದರಾಬಾದ್ ಸಂಸ್ಥಾನದವರು. ಹೊಳೆಯ ಈಚೆ ಬಂದದ್ದು ಅಂಜಿಕೆ ಮಾತ್ರ. ಸಂಸ್ಥಾನದ ಪರವಾಗಿ ಬಂದೂಕು ಹಿಡಿದ ತಂಡಗಳು ಊರೂರು ತಿರುಗತೊಡಗಿದವು. ಜನ ಕೂಡಿದ ಕಡೆ ಏನು ನಡೆಯುತ್ತಿದೆ ಎಂದು ವಿಚಾರಿಸುವರು. ಉತ್ತರ ಹಿಡಿಸದಿದ್ದರೆ ಹೊಡೆಯುವರು.

ಒಂದು ಮಧ್ಯಾಹ್ನ ಸರಕಾರಿ ಶಾಲೆಯ ಮೌಲವಿ ಸಾಹೇಬರು ಮಠಕ್ಕೆ ಬಂದರು. ಅವರೂ ಮಾಸ್ತರರೂ ದಿನವೂ ಸಂಜೆ ಒಂದೇ ಬಾವಿಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುವವರು. ಅಂದು ಅವರು ಕುಳಿತುಕೊಳ್ಳಲಿಲ್ಲ.

"ಮಾಸ್ತರ್ ಸಾಬ್, ಸಾಲಿ ಬಂದ್ ಮಾಡ್ರಿ ಅಂತ ನಾ ಅನ್ನಂಗಿಲ್ಲ. ಆವಾಜ್ ಬಂದ್ ಮಾಡ್ರಿ. ನಿಮ್ಮ ಹುಡುಗೂರ ಮಗ್ಗಿ ಅಫಜಲಪುರದ ತನಕ ಕೇಳಸ್ತದ."

"ಆವಾಜ್ ಇಲ್ದ ಸಾಲಿ ಹ್ಯಾಂಗ್ರಿ ಸಾಹೇಬ್ರ?"

"ಅದು ನಿಮ್ಮ ಹಿಕಮತ್ತು. ನಾ ಹೇಳೋದು ಹೇಳೀನಿ."

ಮಾಸ್ತರರು ಒಂದು ದಿನ ಶಾಲೆಗೆ ರಜೆ ಕೊಟ್ಟರು. ಮರುದಿನ ಕೋಲು ಹಿಡಿದು ಬಂದರು. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು ಕೋಲಿನಿಂದ ನೆಲಕ್ಕೆ ಒಂದು ಸಲ ಕುಟ್ಟಿದರು. ನಾವು ಬಳಪದಿಂದ ಪಾಟಿಯ ಮೇಲೆ ಎರಡು ಸಲ ಬಡಿಯಬೇಕು. ಅವರು ಎರಡು ಕುಟ್ಟಿದರೆ ನಾವು ನಾಲ್ಕು. ಅವರು ಹತ್ತು ಕುಟ್ಟಿದರೆ ನಾವು ಇಪ್ಪತ್ತು. ತುಟಿ ಬಿಚ್ಚುವಂತಿಲ್ಲ. "ಹೊರಗಿನವರು ಯಾರೋ ಹುಣಸಿಹಣ್ಣು ಕುಟ್ಟಾಕತ್ತಾರ ಅಂದ್ಕೋಬೇಕು," ಎಂದರು. ನಡುವೆ ನಮ್ಮನ್ನು ಪರೀಕ್ಷಿಸಲು ಮೂರಾದ ಮೇಲೆ ನಾಲ್ಕು ಬಿಟ್ಟು ಐದು ಕುಟ್ಟುವರು. ಆಗ ಪಾಟಿ ಬಡಿಯಲು ಕೈ ಎತ್ತಬಾರದು. ಸಾಲು ತಪ್ಪಿದ ಪ್ರಶ್ನೆಗೆ ಉತ್ತರವಿಲ್ಲ, ಅದು ನಿಯಮ. ದೊಡ್ಡವರಾದ ನಾವು ಮೋಸ ಹೋಗುತ್ತಿದ್ದೆವು. ತಂಗಿ ಒಮ್ಮೆಯೂ ಹೋಗಲಿಲ್ಲ.

ನಲವತ್ತೆಂಟರ ಮಳೆ ಶುರುವಾದಾಗ ಮಾಸ್ತರರು ಆಳಂದಕ್ಕೆ ಹೊರಟರು. ಅವರ ತಾಯಿ ಅಲ್ಲಿ ಒಬ್ಬಳೇ ಇದ್ದಳು, ಕಣ್ಣು ಕಾಣದು. ವಾರದಲ್ಲಿ ಕರೆದುಕೊಂಡು ಬರುತ್ತೇನೆಂದರು. ತಂಗಿ ಊರ ಅಗಸೆ ಬಾಗಿಲ ತನಕ ಅವರ ಹಿಂದೆ ನಡೆದಳು, ನಾನು ಅವಳ ಹಿಂದೆ.

"ನಾ ಬರೋ ತನಕ ಮಗ್ಗಿ ಬಿಡಬ್ಯಾಡ ಬೇ," ಎಂದರು.

"ಬಾಯಿಲೆ ಹೇಳ್ಲ್ಯೋ, ಪಾಟಿ ಬಡೀಲ್ಯೋ?"

"ಪಾಟಿ ಬಡಿ. ಬಾಯಿ ಸದ್ಯಕ್ಕ ಬ್ಯಾಡ."

ಅವರು ಹೇಳಿದ ವಾರಕ್ಕೆ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಸಜ್ಜೆ ತೆನೆ ಬಿಟ್ಟು ಹಾಲುಗಾಳು ಕಟ್ಟುವ ಹೊತ್ತಿಗೆ ಪಕ್ಕದ ಊರು ಸುಟ್ಟುಹೋಯಿತು. ಹೊಗೆ ನಮ್ಮ ಅಂಗಳದಿಂದ ಕಾಣುತ್ತಿತ್ತು. ಅವ್ವ ಜೇವರ್ಗಿ ಕಡೆಯ ತನ್ನ ತವರಿಗೆ ಹೋಗೋಣ ಎಂದಳು. ಅಲ್ಲಿಯೂ ಇದೇ ಹಾಡು, ಹೊಳೆ ದಾಟಿದರೇ ಜೀವ ಎಂದ ಅಪ್ಪ. ತಾತ ಮನೆ ಬಿಡಲು ಒಪ್ಪಲಿಲ್ಲ. ಅವನನ್ನು ಬಿಟ್ಟು ಬೆಳಗಿನ ಜಾವ ಹೊರಟೆವು. ಇನ್ನೆರಡು ಮನೆಯವರು ಜೊತೆಗಿದ್ದರು. ಅವ್ವ ರೊಟ್ಟಿಗಂಟು ಹೊತ್ತಳು. ತಂಗಿ ಪಾಟಿ ಹೊತ್ತಳು.

"ಅದನ್ಯಾಕ ಹೊತ್ತೀ? ಬಿಸಾಕು, ನೀರಿನ ಚರಗಿ ಹಿಡಿ," ಎಂದು ಅವ್ವ ಬೈದಳು.

"ಮಾಸ್ತರು ಬಿಡಬ್ಯಾಡ ಅಂದಾರ."

ಹೊಳೆ ಇನ್ನೂ ದೂರವಿರುವಾಗ ಬಂಡಿದಾರಿಯ ತಿರುವಿನಲ್ಲಿ ಕುದುರೆಗಳ ಸಪ್ಪಳ ಕೇಳಿಸಿತು. ಯಾರು ಯಾರನ್ನೂ ಕೂಗಲಿಲ್ಲ. ಎಲ್ಲರೂ ಸಜ್ಜೆಗೆ ಬಿದ್ದೆವು. ಎಲೆಯ ಅಂಚು ಮುಖ ಕೊಯ್ಯುತ್ತಿತ್ತು. ಮಣ್ಣಿಗೆ ಕೆನ್ನೆ ಒತ್ತಿ ಮಲಗಿದೆ. ಸವಾರರು ನಿಧಾನವಾಗಿ ಹೋದರು, ಮಾತಾಡುತ್ತ, ನಗುತ್ತ. ಸಪ್ಪಳ ಅಡಗಿದ ಮೇಲೆ ಒಬ್ಬೊಬ್ಬರೇ ಬದುವಿನ ಮೇಲೆ ಎದ್ದು ಬಂದೆವು. ತಂಗಿ ಬರಲಿಲ್ಲ.

ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಜೊತೆಯವರಲ್ಲಿ ಹಿರಿಯನೊಬ್ಬ ಪಿಸುದನಿಯಲ್ಲಿ ಹೇಳಿದ: "ಅಂಬಿಗ ಒಂದ ಸಲ ಹರಗೋಲು ಹಾಕ್ತೇನಿ ಅಂದಾನ. ನೀರು ಏರಾಕತ್ತದ. ನಮಗ ನಿಲ್ಲಾಕ ಬರಂಗಿಲ್ಲಪ್ಪ."

"ನೀವು ನಡೀರಿ," ಎಂದ ಅಪ್ಪ.

ಅವರು ಹೋದರು. ಅವರ ತಪ್ಪೇನೂ ಇಲ್ಲ, ಅವರ ಸೊಂಟದ ಮೇಲೂ ಕೂಸುಗಳಿದ್ದವು.

ಅವ್ವನ ಅಂಜಿಕೆ ಬೇರೆಯದಾಗಿತ್ತು. "ಆ ಮಾಸ್ತರನ ಮಾತು ಕೇಳಿ ಹುಡುಗಿ ಈಗ ಮಗ್ಗಿ ಒದರ್ತದ ನೋಡ್ರಿ. ಕುದುರಿಯವರು ತಿರಗಿ ಬರ್ತಾರ. ಸತ್ತಿವಿ ನಾವು." ನಾವು ಉಸಿರು ಹಿಡಿದು ಆ ದನಿಗೆ ಕಾದೆವು. ಬಂದರೆ ಸಾವು, ಬಾರದಿದ್ದರೆ ಅವಳಿಲ್ಲ. ಬರಲಿಲ್ಲ. ಗಾಳಿಗೆ ಸಜ್ಜೆ ಮಾತ್ರ ಸರಸರ ಎನ್ನುತ್ತಿತ್ತು. ಅಪ್ಪ ಒಳಗೆ ನುಗ್ಗಿದ, ಬೇರೆ ಕಡೆಯಿಂದ ಹೊರಬಿದ್ದ, ಮತ್ತೆ ನುಗ್ಗಿದ. ಹೊಲ ಒಂದಕ್ಕೊಂದು ಅಂಟಿ ಹೊಳೆಯ ತನಕ ಹಬ್ಬಿತ್ತು. ಹೊರಗೆ ಬಂದಾಗಲೆಲ್ಲ ಅವನ ಮುಖ ಮುದಿಯಾಗಿ ಕಾಣುತ್ತಿತ್ತು. ಕೊನೆಗೆ ಬದುವಿನ ಮೇಲೆ ಕುಳಿತುಬಿಟ್ಟ.

"ಹೊತ್ತುಕೊಂಡು ಹೋಗ್ಯಾರ," ಎಂದ. ಅಪ್ಪ ಅಳುವುದನ್ನು ಅಂದು ಮೊದಲ ಸಲ ನೋಡಿದೆ.

ಅವಳೇಕೆ ದನಿ ತೆಗೆಯುತ್ತಿಲ್ಲ ಎಂದು ನನಗೆ ಹೊಳೆದದ್ದು ಆಗ. ಬಾಯಿ ಸದ್ಯಕ್ಕೆ ಬೇಡ ಎಂದಿದ್ದರು ಮಾಸ್ತರರು. ಅವಳು ಇದ್ದಲ್ಲೇ ಕುಳಿತಿದ್ದಾಳೆ, ತೊಡೆಯ ಮೇಲೆ ಪಾಟಿ ಇಟ್ಟುಕೊಂಡು, ಯಾರಾದರೂ ಒಂದು ಕುಟ್ಟಲಿ ಎಂದು ಕಾಯುತ್ತಿದ್ದಾಳೆ. ಕುಟ್ಟುವವರಿಲ್ಲದೆ ಅವಳು ಬಡಿಯುವಂತಿಲ್ಲ.

ಹೊಲದ ನಡುವೆ ಹಕ್ಕಿ ಕಾಯುವ ಅಟ್ಟವಿತ್ತು. ಕಾಯುವವರು ಓಡಿಹೋಗಿದ್ದರು. ಅವರು ಬಡಿಯುತ್ತಿದ್ದ ಚಿಮಣಿ ಎಣ್ಣೆಯ ಖಾಲಿ ಡಬ್ಬ ಅಟ್ಟದ ಗೂಟಕ್ಕೆ ನೇತಾಡುತ್ತಿತ್ತು. ತೆನೆ ಬಂದ ಹೊಲದಲ್ಲಿ ಡಬ್ಬದ ಸಪ್ಪಳ ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ನಾನು ಅಪ್ಪನಿಗೆ ಹೇಳಿದೆ. ಅವನಿಗೆ ಅಕ್ಷರ ಗೊತ್ತಿಲ್ಲ, ಮಗ್ಗಿ ಗೊತ್ತಿಲ್ಲ.

"ನಾ ಒಂದು ಬಡದ್ರ ಆಕಿ ಎರಡು ಬಡೀತಾಳ. ನೀ ಆ ಸಪ್ಪಳದ ಕಡಿ ನಡಿ ಎಪ್ಪಾ. ಹತ್ತರ ತನಕ ಬಡೀತಾಳ."

"ಬಡೀತಾಳಂತ ಖರೇನಾ?"

ಖರೆಯೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅಟ್ಟ ಹತ್ತಿ ಕಟ್ಟಿಗೆಯಿಂದ ಡಬ್ಬಕ್ಕೆ ಒಂದು ಏಟು ಹಾಕಿದೆ.

ಏನೂ ಇಲ್ಲ. ಗುಬ್ಬಿಗಳ ಹಿಂಡೊಂದು ಎದ್ದು ಹಾರಿತು. ಮತ್ತೆ ಬಡಿಯಲೇ? ಬಡಿದರೆ ಅದು ಒಂದು ಬಿಟ್ಟು ಎರಡಾಗುತ್ತದೆ, ಸಾಲು ತಪ್ಪುತ್ತದೆ, ಅವಳು ಕೈ ಎತ್ತುವುದಿಲ್ಲ. ಕಟ್ಟಿಗೆಯನ್ನು ಎದೆಗೆ ಒತ್ತಿ ನಿಂತೆ.

ಟಕ್, ಟಕ್.

ಹೊಳೆಯ ಕಡೆಯಿಂದ, ಸಣ್ಣಗೆ. ಬಳಪ ಪಾಟಿಗೆ ತಾಗಿದ ಸಪ್ಪಳ. ಕೆಳಗೆ ಅವ್ವ ಕೇಳಿಸಿಕೊಂಡು ಅಪ್ಪನನ್ನು ಆ ಕಡೆ ನೂಕಿದಳು. ನಾನು ಎರಡು ಬಡಿದೆ. ನಾಲ್ಕು ಬಂತು. ಅಪ್ಪ ಹೊರಟಾಗಿತ್ತು. ಮೊದಲ ಉತ್ತರಗಳು ಚಿಕ್ಕವು; ಅವನು ದಿಕ್ಕು ಹಿಡಿಯುವಷ್ಟರಲ್ಲಿ ಮುಗಿಯುತ್ತಿದ್ದವು. ಅಟ್ಟದ ಮೇಲಿಂದ ಅವನ ರುಮಾಲು ಕಾಣುತ್ತಿತ್ತು, ಎಡಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು. ಸಂಖ್ಯೆ ದೊಡ್ಡದಾದಂತೆ ಅವನಿಗೆ ನಡೆಯಲು ಹೊತ್ತು ಸಿಗುತ್ತಿತ್ತು. ಆರಕ್ಕೆ ಹನ್ನೆರಡು. ಏಳು ಬಡಿಯುವಾಗ ಬಂಡಿದಾರಿಯ ಆಚೆ ಧೂಳು ಎದ್ದದ್ದು ಕಂಡೆ. ಕುದುರೆಗಳೋ ಗಾಳಿಯೋ ತಿಳಿಯಲಿಲ್ಲ. ಇಳಿದು ಓಡಬೇಕೆನ್ನಿಸಿತು. ಆದರೆ ಮಗ್ಗಿಯನ್ನು ನಡುವೆ ಬಿಡುವಂತಿರಲಿಲ್ಲ. ಎಂಟು ಬಡಿದೆ. ಒಂಬತ್ತು ಬಡಿದೆ. ಹತ್ತಕ್ಕೆ ಅವಳ ಇಪ್ಪತ್ತು ಶುರುವಾಯಿತು. ಹದಿಮೂರೋ ಹದಿನಾಲ್ಕೋ ಆಗುವಾಗ ಥಟ್ಟನೆ ನಿಂತಿತು.

ಅಪ್ಪ ಅವಳನ್ನು ಎತ್ತಿಕೊಂಡು ಬಂದ. ಅವಳು ಒದ್ದಾಡುತ್ತಿದ್ದಳು.

"ಅಕ್ಕಾ, ಎಪ್ಪ ಮುಗಸಾಕ ಬಿಡಲಿಲ್ಲ!"

ಅವ್ವ ಅವಳ ಬೆನ್ನಿಗೆ ಒಂದು ಗುದ್ದಿ, ಎದೆಗೆ ಅವುಚಿಕೊಂಡಳು. ಧೂಳು ಬರಿಯ ಗಾಳಿಯದಾಗಿತ್ತು. ಆದರೆ ದಂಡೆಗೆ ಹೋದಾಗ ಹರಗೋಲು ಆಚೆ ಸೇರಿತ್ತು, ಭೀಮೆ ಕೆಂಪಾಗಿ ಮರದ ಬೊಡ್ಡೆಗಳನ್ನು ತರುತ್ತಿತ್ತು. ನೀರು ಇಳಿಯುವ ತನಕ ಕುರಿ ಹಟ್ಟಿಯೊಂದರಲ್ಲಿ ಅಡಗಿದೆವು, ಆಮೇಲೆ ದಾಟಿದೆವು. ಆಚೆ ದಂಡೆಯ ಗುಡಿಯ ಕಟ್ಟೆಯ ಮೇಲೆ ಮಲಗಿದ್ದಾಗ ಭಾರತದ ಸೈನ್ಯ ಸಂಸ್ಥಾನದೊಳಗೆ ಬಂತೆಂದು ತಿಳಿಯಿತು.

ತಿರುಗಿ ಬಂದಾಗ ಮನೆಗೆ ಬಾಗಿಲಿರಲಿಲ್ಲ. ತಾತ ನಾವು ಹೋದ ಮೂರನೆಯ ದಿನ ತೀರಿಕೊಂಡಿದ್ದ. ಮಣ್ಣು ಮಾಡಿಸಿದವರು ಮೌಲವಿ ಸಾಹೇಬರಂತೆ. ಅವರಿಗೆ ಕೈ ಮುಗಿಯಲು ಅಪ್ಪ ಹೋದರೆ ಆ ಮನೆಗೆ ಬೀಗ. ಸೈನ್ಯ ಬಂದ ಮೇಲೆ ಜನ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದರು, ಈಗ ಓಡುವ ಪಾಳಿ ಅವರದಾಗಿತ್ತು. ಯಾವ ಕಡೆ ಹೋದರೆಂದು ಹೇಳಲು ಊರಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಮಾಸ್ತರರು ಬಂದಿರಲಿಲ್ಲ. ಮಠದ ಮೂಲೆಯಲ್ಲಿ ಅವರ ಕೋಲು ಇಟ್ಟಲ್ಲೇ ಇತ್ತು. ತಂಗಿ ದಿನವೂ ಬೆಳಗ್ಗೆ ಮಿಂದು, ಜಡೆ ಹಾಕಿಸಿಕೊಂಡು, ಪಾಟಿ ಹಿಡಿದು ಹೋಗಿ ಮಠದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಾನು ಕೋಲು ಹಿಡಿದು ಕುಟ್ಟಿದರೆ ಉತ್ತರ ಕೊಡುತ್ತಿರಲಿಲ್ಲ. "ಹೊಲದಾಗ ದಾರಿ ತಪ್ಪಿದ್ದೆ. ಸಾಲ್ಯಾಗ ನೀ ಮಾಸ್ತರಲ್ಲ," ಎನ್ನುತ್ತಿದ್ದಳು. ಒಂದು ದಿನ ಅಪ್ಪನ ಮುಂದೆ ಬಂದು ನಿಂತಳು.

"ಎಪ್ಪಾ, ಮಾಸ್ತರು ದಾರಿ ತಪ್ಪ್ಯಾರ. ಎಲ್ಲೋ ಕುಂತಾರ. ಅವರು ನಡಿಯಂಗಿಲ್ಲ. ನಾವ ಹೋಗ್ಬೇಕು."

ಅವ್ವ ಹುಚ್ಚು ಹುಡುಗಿ ಎಂದಳು. ಅಪ್ಪ ಬಂಡಿ ಕಟ್ಟಿದ.

ಚಳಿ ಬಲಿತಿತ್ತು. ಆಳಂದದಲ್ಲಿ ಮಾಸ್ತರರ ಮನೆ ಕೇಳಿಕೊಂಡು ಹೋದೆವು. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು.

"ಮಳಿಗಾಲದಾಗ ಬಂದಿದ್ದನಲ್ಲಪ್ಪ. ಅವ್ವನ್ನ ಬಂಡ್ಯಾಗ ಕುಂದ್ರಿಸ್ಕೊಂಡು ಹೋದ. ಈಗ ಬ್ಯಾಡೋ, ದಾರಿ ಚಲೋ ಇಲ್ಲ ಅಂದೆ. ನನ್ನ ಸಾಲಿ ಹುಡುಗೂರು ಕಾಯ್ತಾವ ಅಂದ." ಅವಳು ಕಾಳಿನ ಮೊರ ಕೆಳಗಿಟ್ಟಳು. "ಯಾಕ್ರಿ, ಬರಲಿಲ್ಲೇನು?"

ಅಪ್ಪ ತಲೆ ಅಲ್ಲಾಡಿಸಿದ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಂಗಿ ಮಾತ್ರ ನನ್ನ ಕೈ ಜಗ್ಗಿದಳು.

"ಹಂಗಾದ್ರ ದಾರ್ಯಾಗ ಅದಾರ."

ಆ ಮಾತಿನಿಂದ ಅವಳನ್ನು ಕದಲಿಸಲು ಯಾರಿಗೂ ಆಗಲಿಲ್ಲ. ಮುಂದೆ ಅವಳನ್ನು ಜೇವರ್ಗಿಗೆ ಕೊಟ್ಟೆವು. ಮಕ್ಕಳಾದರು, ಮೊಮ್ಮಕ್ಕಳಾದರು. ನಾನು ಆಸ್ಪತ್ರೆಯ ನರ್ಸ್ ಆಗಿ, ಗಂಟೆ ತಪ್ಪದೆ ಗುಳಿಗೆ ಕೊಟ್ಟು, ಹಾಸಿಗೆಯ ಮೂಲೆಗಳನ್ನು ಒಂದೇ ರೀತಿ ಮಡಚಿ, ನಿವೃತ್ತಳಾದೆ. ಮಾಸ್ತರರ ಸುದ್ದಿ ಇಂದಿಗೂ ಬಂದಿಲ್ಲ. ತಂಗಿ ಅವರನ್ನು ಕುರಿತು "ಇದ್ದರು" ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಆ ದಿನ ಆಳಂದದಿಂದ ತಿರುಗಿ ಬರುವಾಗ ದಾರಿಯುದ್ದಕ್ಕೂ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಪ್ರತಿ ಹೊಲದಲ್ಲೂ ಅಟ್ಟ, ಪ್ರತಿ ಅಟ್ಟದಲ್ಲೂ ಡಬ್ಬ. ಎಲ್ಲ ಕಡೆಯಿಂದ ಸಪ್ಪಳ ಬರುತ್ತಿತ್ತು. ತಂಗಿ ಬಂಡಿಯ ಹಿಂಬದಿಯಲ್ಲಿ ಪಾಟಿ ತೊಡೆಯ ಮೇಲಿಟ್ಟು ಕುಳಿತಿದ್ದಳು. ಸಪ್ಪಳ ಕೇಳಿದಾಗಲೆಲ್ಲ ಅಪ್ಪ ತಾನಾಗಿ ಹಗ್ಗ ಎಳೆದು ಎತ್ತು ನಿಲ್ಲಿಸುತ್ತಿದ್ದ. ಹಿಂದೆ ತಿರುಗದೆ ಕೇಳುತ್ತಿದ್ದ:

"ಇದು?"

ತಂಗಿ ಕಿವಿಗೊಟ್ಟು ಎಣಿಸುತ್ತಿದ್ದಳು. ಐದು, ಮೂರು, ಮತ್ತೆ ಐದು.

"ಇದಲ್ಲ ಎಪ್ಪಾ."

ಅಪ್ಪ ಎತ್ತುಗಳನ್ನು ಚಪ್ಪರಿಸಿ ಬಂಡಿ ಮುಂದೆ ಬಿಡುತ್ತಿದ್ದ, ಮುಂದಿನ ಹೊಲದ ತನಕ.