ಎಂಜಲು ಗಾಜು

ಅವರ ಬಲಗೈ ಹೆಬ್ಬೆರಳು ಸದಾ ನೆನೆದು, ಸುಕ್ಕುಗಟ್ಟಿ, ಬೆಳ್ಳಗಿರುತ್ತಿತ್ತು. ಮೈಯೆಲ್ಲ ಕಪ್ಪು, ಆ ಬೆರಳೊಂದು ಮಾತ್ರ ಆಗಷ್ಟೇ ನೀರು ಹಾಕಿದ ಕೂಸಿನ ಪಾದದ ಹಾಗೆ. ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಆ ಬೆರಳಿನಿಂದ ಪಾನಿಪುರಿಯ ನೆತ್ತಿ ಒಡೆದರೆ ಟಪ್ ಎಂದು ಒಂದೇ ಸದ್ದು. ತೂತು ಬೇಕಾದಷ್ಟೇ, ಬಿರುಕು ಇಲ್ಲ. ಎಡಗೈ ಮಾತ್ರ ಯಾವತ್ತೂ ಪುರಿಯ ಹತ್ತಿರ ಸುಳಿಯುತ್ತಿರಲಿಲ್ಲ. ಚಿಲ್ಲರೆ ಇಸಕೊಳ್ಳುವುದು, ಸ್ಟವ್ ತಿರುವುವುದು, ನೊಣ ಓಡಿಸುವುದು, ತಲೆ ಕೆರೆದುಕೊಳ್ಳುವುದು ಎಲ್ಲ ಎಡಗೈಯ ಪಾಲು. "ಎಡಗೈ ಊರಿಗೆ, ಬಲಗೈ ಬಾಯಿಗೆ ಕಣಮ್ಮಾ" ಎನ್ನುತ್ತಿದ್ದರು.

ಬಂಗಾರಪೇಟೆ ಸ್ಟೇಷನ್ನಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ ಅವರದು ಪಾನಿಪುರಿ ಗಾಡಿ. ನಾವೆಲ್ಲ ಪುರಿಯಣ್ಣ ಎನ್ನುತ್ತಿದ್ದೆವು. ನಮ್ಮ ಕಡೆಯ ಪಾನಿ ಬೇರೆ ಊರುಗಳಲ್ಲಿರುವಂತೆ ಹಸಿರು ಬಗ್ಗಡವಲ್ಲ. ನೋಡಿದರೆ ಬರೀ ಕುಡಿಯುವ ನೀರು, ಬಾಯಿಗೆ ಬಿಟ್ಟುಕೊಂಡರೆ ಕಿವಿಯಲ್ಲಿ ಹೊಗೆ. ಆ ತಿಳಿ ನೀರೇ ಅವರ ಮರ್ಯಾದೆ. ಅದರಲ್ಲಿ ಒಂದು ಜೀರಿಗೆ ತೇಲಿದರೂ ಸೋಸುವವರು. ಗಾಡಿಯ ಸುತ್ತ ನಿಂತವರಿಗೆ ಸರದಿಯ ಪ್ರಕಾರ ಒಂದೊಂದೇ ಪುರಿ ಕೊಡುತ್ತಾ, ಮುಖ ನೋಡಿ ಭಾಷೆ ಬದಲಿಸುತ್ತಾ, "ಖಾರ ಸಾಕಾ?", "ಚಾಲಾ?", "ಪೋದುಮಾ?" ಎಂದು ಕೇಳುತ್ತಿದ್ದರು. ಕನ್ನಡದವರಿಗೆ ತಮಿಳು, ತೆಲುಗಿನವರಿಗೆ ಕನ್ನಡ ಆಗಿಬಿಟ್ಟರೆ ಎಲ್ಲರಿಗಿಂತ ಮೊದಲು ತಾವೇ ನಗುತ್ತಿದ್ದರು.

ನಾನು ಆ ಊರಿನ ಒಂದು ಶಾಲೆಯಲ್ಲಿ ಟೀಚರ್. ಮನೆ ಉರಿಗಾಂ. ಸಂಜೆ ರೈಲಿಗೆ ಕಾಯುವ ಹೊತ್ತು ಅವರ ಗಾಡಿಯ ಹತ್ತಿರವೇ ಕಳೆಯುತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಕಂಡದ್ದೆಲ್ಲ ವಾಕರಿಕೆ. ಅನ್ನ ಬಸಿದ ಗಂಜಿಯ ವಾಸನೆ, ಅತ್ತೆ ಹಚ್ಚುವ ಊದುಬತ್ತಿ, ಗಂಡನ ತಲೆಯ ಎಣ್ಣೆ, ಯಾವುದೂ ಆಗದು. ಒಂದು ಸಂಜೆ ಗಾಡಿಯ ಪಕ್ಕದ ಚರಂಡಿಗೆ ಬಗ್ಗಿ ನಿಂತಿದ್ದವಳನ್ನು ನೋಡಿ, ಒಂದು ಲೋಟ ತೊಳೆದು ಪಾನಿ ತುಂಬಿ ತಂದರು.

"ಕುಡೀರಿ ಟೀಚರಮ್ಮ. ನಿಂತ್ರೆ ಒಟ್ಟೇಲಿ ನಿಲ್ಲಲಿ, ಬಂದ್ರೆ ಚರಂಡಿ ಇಲ್ಲೇ ಐತೆ."

ನಿಂತಿತು. ಎಷ್ಟೋ ದಿನಗಳ ಮೇಲೆ ನನ್ನ ಹೊಟ್ಟೆಯಲ್ಲಿ ಏನಾದರೊಂದು ಉಳಿಯಿತು. ಆಮೇಲೆ ಹೆರಿಗೆಗೆ ಹೋಗುವವರೆಗೂ ನನಗೆಂದೇ ಈರುಳ್ಳಿ ಸೋಕದ ಒಂದು ಲೋಟ ಗಾಡಿಯ ಮೂಲೆಯಲ್ಲಿ ಬೋರಲಾಗಿ ಕಾದಿರುತ್ತಿತ್ತು. ನನ್ನ ಮಗಳ ಮೈಯಲ್ಲಿ ಅರ್ಧ ನಮ್ಮ ರಕ್ತ, ಅರ್ಧ ಪುರಿಯಣ್ಣನ ನೀರು ಎಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತೇವೆ.

ಟಚ್ ಫೋನುಗಳು ಎಲ್ಲರ ಕೈಗೆ ಬಂದ ಮೇಲೆ ಅವರು ಗಾಡಿಗೆ ಒಂದು ಕಾಯಿದೆ ಮಾಡಿದರು. ತಿನ್ನುವ ಕೈ ಫೋನು ಮುಟ್ಟಕೂಡದು. ಬಾಯಿಗೆ ಪುರಿ ಇಟ್ಟ ಬೆರಳಿನಲ್ಲೇ ಫೋನು ಸವರಿ, ಸವರಿದ ಬೆರಳನ್ನೇ ಮತ್ತೆ ಬಾಯಿಗೆ ತಂದರೆ ಅಂಥವರ ಸರದಿ ಅಲ್ಲಿಗೇ ನಿಲ್ಲುತ್ತಿತ್ತು. ಗಾಡಿಯ ಕೊನೆಯಲ್ಲಿ ಕೊಡ ಮತ್ತು ಚೊಂಬು ಇರುತ್ತಿದ್ದವು. "ಕೈ ತೊಳ್ಕಂಡು ಬನ್ನಿ, ನಿಮ್ಮ ಪುರಿ ಎಲ್ಲಿಗೂ ಓಗಲ್ಲ" ಎನ್ನುವರು. ಬೆರಳು ನೆಕ್ಕಿ ನೆಕ್ಕಿ ಫೋನು ತಳ್ಳುತ್ತಿದ್ದ ದೊಡ್ಡ ಮನುಷ್ಯರೊಬ್ಬರಿಗೆ, "ಏನ್ ಸ್ವಾಮೀ, ಅದ್ರೊಳಗೆ ಸಾರೇನಾದ್ರೂ ಬಡಿಸವ್ರಾ?" ಎಂದು ಕೇಳಿದ್ದರು. ಕೆಲವರು ನಕ್ಕು ಕೈ ತೊಳೆಯುತ್ತಿದ್ದರು. ಉಳಿದವರು ಮುಖ ಗಂಟಿಕ್ಕಿಕೊಂಡು ಪಕ್ಕದ ಗಾಡಿಗೆ ಹೋಗುತ್ತಿದ್ದರು. ಪಕ್ಕದ ಗಾಡಿಯವನಿಗೆ ಇಂಥ ಕಾಯಿದೆ ಯಾವುದೂ ಇರಲಿಲ್ಲ.

ಒಬ್ಬರು "ಇದೇನಯ್ಯಾ ನಿನ್ನ ಮಡಿ" ಎಂದುಬಿಟ್ಟರು. ಪುರಿಯಣ್ಣ ಕೆಂಡವಾದದ್ದನ್ನು ನಾನು ನೋಡಿದ್ದು ಆವತ್ತೇ. ಅವರ ಊರು ಬೇತಮಂಗಲದ ಹತ್ತಿರದ ಹಳ್ಳಿ. ಅಲ್ಲಿನ ಹೋಟೆಲಿನಲ್ಲಿ ಅವರ ಅಪ್ಪನಿಗೆ ಟೀ ಸಿಗುತ್ತಿದ್ದದ್ದು ಸೂರಿನ ಸಂದಿಗೆ ಸಿಕ್ಕಿಸಿಟ್ಟ ಬೇರೆ ಲೋಟದಲ್ಲಿ. "ಮಡಿ ಅನ್ನೋ ಮಾತು ನನ್ನ ಮುಂದೆ ಆಡಬ್ಯಾಡಿ. ಮಡಿ ಮನುಸನ್ನ ನೋಡ್ತದೆ, ಎಂಜಲು ಕೈನ ನೋಡ್ತದೆ. ರಾಜಂದಾದ್ರೂ ಎಂಜಲು ಎಂಜಲೇ" ಎಂದರು. ಆಮೇಲೆ ತಣ್ಣಗಾಗಿ, ಅದೇ ಮನುಷ್ಯನಿಗೆ ಕೈ ತೊಳೆಯಲು ಚೊಂಬಿನಿಂದ ತಾವೇ ನೀರು ಬಿಟ್ಟರು.

ಆ ಕಾಯಿದೆಗೆ ಅವರು ಎಷ್ಟು ತೆತ್ತರು ಎಂಬುದನ್ನು ಒಂದು ಸಂಜೆ ಕಣ್ಣಾರೆ ಕಂಡೆ. ಒಬ್ಬ ಯುವಕ ಒಂದು ಕೈಯಲ್ಲಿ ಪುರಿ, ಇನ್ನೊಂದರಲ್ಲಿ ಅಂಗೈಗಿಂತ ಅಗಲದ ಫೋನು ಹಿಡಿದು ಕ್ರಿಕೆಟ್ ನೋಡುತ್ತಿದ್ದ. ತಿಂದಾದ ಮೇಲೆ ಕ್ರಿಕೆಟ್ಟನ್ನು ಪರದೆಯ ಮೂಲೆಗೆ ಸರಿಸಿ ಫೋನಿನಲ್ಲೇ ದುಡ್ಡು ಹಾಕಿ, ಹಾಕಿದ್ದನ್ನು ತೋರಿಸಲು ಗಾಡಿಯ ಮೇಲೆ ಬಗ್ಗಿ, "ಹೋಯ್ತು ನೋಡಣ್ಣ" ಎಂದ. ಹೋಯಿತು ನಿಜ. ಜಿಡ್ಡುಗೈಯಿಂದ ಜಾರಿ ಫೋನು ಸೀದಾ ಪಾನಿಯ ಪಾತ್ರೆಗೆ ಬಿತ್ತು. ತಳ ಸೇರಿದರೂ ಬೆಳಗುತ್ತಲೇ ಇತ್ತು. ಆ ತಿಳಿ ನೀರಿನೊಳಗೆ ಯಾರೋ ಸಿಕ್ಸರ್ ಹೊಡೆಯುತ್ತಿದ್ದರು. ಆತ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದ. ಸುತ್ತ ನಿಂತವರೆಲ್ಲ "ಅಯ್ಯೋ ಪಾಪ, ಅಕ್ಕಿಯಲ್ಲಿಡಿ, ಅಕ್ಕಿಯಲ್ಲಿಡಿ" ಎಂದು ಕೂಗಿಕೊಂಡರು. ಒಬ್ಬಾಕೆ ಎದುರಿನ ಅಂಗಡಿಯಿಂದ ಅಕ್ಕಿ ತರಲು ಓಡಿಯೇಬಿಟ್ಟಳು. ಮಗು ಬಾವಿಗೆ ಬಿದ್ದಿದ್ದರೂ ಅಷ್ಟು ಚುರುಕಾಗಿ ಓಡುತ್ತಿದ್ದಳೋ ಇಲ್ಲವೋ. ನೀರಿಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಬ್ಬನೇ, ಅದೂ ಹೀಗೆ: "ಪರವಾಗಿಲ್ಲ ಬಿಡಣ್ಣ, ಸೋಸಿ ಕೊಡು."

"ಸೋಸಿದ್ರೆ ಜೀರಿಗೆ ಓಗ್ತದೆ" ಎಂದರು ಪುರಿಯಣ್ಣ. "ಇದು ಓಗ್ತದಾ?"

ಎರಡೂ ಕೈಯಲ್ಲಿ ಪಾತ್ರೆ ಎತ್ತಿ ಇಡೀ ಸಂಜೆಯ ನೀರನ್ನು ಚರಂಡಿಗೆ ಸುರಿದರು. ಪುರಿಯ ಡಬ್ಬದ ಮೇಲೆ ಟಾರ್ಪಾಲು ಎಳೆದು ಮನೆಗೆ ಹೋದರು.

ಅಂದಿನಿಂದ ಅವರ ಕಣ್ಣು ನನಗೂ ಅಂಟಿಕೊಂಡಿತು. ಅದು ರೋಗವೆಂದರೆ ರೋಗವೇ. ನನ್ನ ಗಂಡ ಮುದ್ದೆ ಮುರಿಯುತ್ತಾ ಬೆರಳಿನ ಗೆಣ್ಣಿನಿಂದ ಫೋನು ಸರಿಸುತ್ತಾರೆ, ಗೆಣ್ಣಿಗೆ ಎಂಜಲಿಲ್ಲವಂತೆ. ಪಕ್ಕದ ಮನೆಯ ಕೂಸು ಹಲ್ಲು ಬರುವ ವಸಡಿನಲ್ಲಿ ಫೋನು ಕಚ್ಚುತ್ತದೆ, ತಾಯಿ ಜೊಲ್ಲನ್ನು ನೈಟಿಗೆ ಒರೆಸಿ ಮತ್ತೆ ಅದರ ಕೈಗೇ ಕೊಡುತ್ತಾಳೆ. ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ನಿಗೆ ಟಚ್ ಮಿಷನ್ನಿನ ಗಾಜು ಒತ್ತಬೇಕು. ಅಂಗೈಗೆ ಕೆಮ್ಮಿದವರು ಅದೇ ಕೈಯಲ್ಲಿ ಒತ್ತುತ್ತಾರೆ, ಅವರ ಹಿಂದಿನವರು ಒತ್ತಿ ಕಣ್ಣುಜ್ಜಿಕೊಳ್ಳುತ್ತಾರೆ. ಕಕ್ಕಸಿಗೆ ಹೋಗಿ ಬಂದ ಫೋನು ಊಟದ ತಟ್ಟೆಯ ಪಕ್ಕ ಬಂಧುವಿನಂತೆ ಕೂರುತ್ತದೆ. ಎಂಜಲು ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದರೆ ಸೌಟಿನಿಂದ ಬಾರಿಸುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಥೂ, ಈಗ ಇಡೀ ಊರು ಒಂದೇ ತಟ್ಟೆಗೆ ಕೈ ಹಾಕಿ ಕೂತಿದೆ, ತಟ್ಟೆ ಗಾಜಿನದು ಅಷ್ಟೇ.

ನಿಂತು ನಿಂತು ಪುರಿಯಣ್ಣನ ಕಾಲು ಬಾತುಕೊಂಡಿತು. ಗಾಡಿ ಬಿಡಲೇಬೇಕು ಎಂದರು ಡಾಕ್ಟರು. ಅವರ ಮಗಳು ಅಳಿಯ ಸೇರಿ ಅದೇ ರಸ್ತೆಯಲ್ಲಿ ಒಂದು ಅಂಗಡಿ ಹಿಡಿದರು. ಅವರು ಕೆಟ್ಟವರಲ್ಲ. ಅಪ್ಪ ಇನ್ನು ನಿಲ್ಲಬಾರದು, ಫ್ಯಾನಿನ ಕೆಳಗೆ ಕೂರಬೇಕು ಎಂಬುದೇ ಮಗಳ ಆಸೆ. ಅಂಗಡಿಯ ಬಾಗಿಲಲ್ಲಿ ಆಳೆತ್ತರದ ಟಚ್ ಮಿಷನ್ ನಿಲ್ಲಿಸಿದರು. ಗಾಜಿನ ಮೇಲೆ ಪುರಿಯ ಚಿತ್ರ, ಮಸಾಲೆಯ ಚಿತ್ರ. ಬೇಕಾದ್ದನ್ನು ಒತ್ತಿದರೆ ಅಡುಗೆಮನೆಗೆ ಸುದ್ದಿ ಹೋಗಿ, ನಂಬರು ಕೂಗಿ, ತಟ್ಟೆ ಬರುತ್ತದೆ. ಯಾರೂ ಯಾರೊಡನೆಯೂ ಮಾತಾಡಬೇಕಾಗಿಲ್ಲ. ತಿಂದವರು ಇನ್ನೊಂದು ತಟ್ಟೆ ಬೇಕೆನಿಸಿದರೆ ಎದ್ದು ಬಂದು ಎಂಜಲು ಬೆರಳಿನಿಂದಲೇ ಒತ್ತುತ್ತಿದ್ದರು. ಒತ್ತಿದ್ದು ಹಿಡಿಯದಿದ್ದರೆ ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತುತ್ತಿದ್ದರು.

ಪುರಿಯಣ್ಣ ಮಿಷನ್ನಿನ ಪಕ್ಕ ಒಂದು ನಲ್ಲಿ ಹಾಕಿಸಿ ಎಂದು ಕೇಳಿದರಂತೆ. "ಒದ್ದೆ ಕೈಗೆ ಮಿಷನ್ ಕೆಲ್ಸ ಮಾಡಲ್ಲ ಮಾವ" ಎಂದ ಅಳಿಯ. ಅದಕ್ಕೆ ತೊಳೆದ ಕೈ ಬೇಡ, ಒಣಗಿದ ಕೈ ಬೇಕು. ಹೋಗಲಿ, ಎರಡನೇ ತಟ್ಟೆಯನ್ನಾದರೂ ನನ್ನನ್ನು ಬಾಯಲ್ಲಿ ಕೇಳಲಿ, ನಾನು ಕೂಗಿ ಹೇಳುತ್ತೇನೆ ಎಂದರಂತೆ. ಲೆಕ್ಕ ತಪ್ಪುತ್ತದೆ ಎಂದು ಅದೂ ಆಗಲಿಲ್ಲ.

ನಾನು ಮೊದಲ ಸಲ ಆ ಅಂಗಡಿಗೆ ಹೋದಾಗ ಅವರು ಮಿಷನ್ನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೊಂದು ಬಟ್ಟೆ. ಒಬ್ಬೊಬ್ಬರು ಒತ್ತಿ ಹೋದ ಮೇಲೂ ಕಷ್ಟಪಟ್ಟು ಎದ್ದು ಗಾಜು ಒರೆಸಿ ಕೂರುತ್ತಿದ್ದರು. ಯಾರದೋ ಬಾಯಿಂದ ಬಂದ ಬಟಾಣಿಯ ತುಣುಕನ್ನು ಆ ಹೆಬ್ಬೆರಳಿನಿಂದ ಕೆರೆದು ತೆಗೆಯುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಹೇಸಿಗೆಯಾಯಿತು.

"ನಿಮಗೇಕಣ್ಣ ಈ ಕರ್ಮ? ಮನೆಯಲ್ಲಿ ಇರಬಾರದೆ?"

"ಇನ್ನೊಂದ್ ತಟ್ಟೆ ಕೊಡಣ್ಣಾ ಅಂತ ಒಬ್ರಾದ್ರೂ ಕೇಳ್ಳಿ ಅಂತ ಕುಂತಿದ್ದೀನಿ ಟೀಚರಮ್ಮ. ಒಬ್ರೂ ಕೇಳಲ್ಲ. ನನ್ನ ದಾಟಿ ಕೈ ಚಾಚ್ತಾರೆ." ಬಟ್ಟೆ ಮಡಚಿಕೊಂಡರು. "ಬಾಯಲ್ಲಿ ಕೇಳಿದ್ರೆ ಯಾವ್ದೂ ಎಂಜಲಾಗಲ್ಲ. ದ್ಯಾವ್ರು ಮಾತು ಕೊಟ್ಟಿರೋದು ಮತ್ಯಾಕೆ?"

"ಹಾಗಾದರೆ ನಾನು ಕೇಳುತ್ತೇನೆ. ಒಂದು ತಟ್ಟೆ ಕೊಡಿ ಪುರಿಯಣ್ಣ" ಎಂದೆ.

ಅವರ ಮುಖ ಅರಳಿತು. "ಖಾರ ಎಂಗಿರ್ಲಿ?" ಎಂದು ಕೇಳಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ನಾನು ಕಾದೆ. ಬರಿಗೈಯಲ್ಲಿ ವಾಪಸು ಬಂದರು.

"ನಂಬರ್ ಕೇಳ್ತಾವ್ರೆ" ಎಂದರು.

ನಾನು ಬೇರೆ ದಾರಿಯಿಲ್ಲದೆ ಗಾಜು ಒತ್ತಿದೆ. ಅವರು ಬಟ್ಟೆ ತೆಗೆದುಕೊಂಡು ನನ್ನ ಬೆರಳಿನ ಗುರುತನ್ನೂ ಒರೆಸಿದರು. "ನಿಮ್ದೂ ಬೆರಳೇ ತಾನೆ" ಎಂದು ನಕ್ಕರು. ಆ ದಿನ ತಿಂದದ್ದರ ರುಚಿ ನನಗೆ ನೆನಪಿಲ್ಲ.

ಬೇಸಿಗೆ ರಜೆಯಲ್ಲಿ ಅವರು ಹೋಗಿಬಿಟ್ಟರು. ನನಗೆ ತಿಳಿದದ್ದು ಶಾಲೆ ತೆರೆದ ಮೇಲೆ. ಅವರ ಮಗಳನ್ನು ಮಾತಾಡಿಸಿ ಬರೋಣವೆಂದು ಅಂಗಡಿಗೆ ಹೋದೆ. ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಮಿಷನ್ನಿನ ತುಂಬ ಅವರ ಮುಖ ಇತ್ತು. ಹಾರ ಹಾಕಿ ಕುಂಕುಮ ಇಟ್ಟ ಫೋಟೊ. ಎರಡು ಕಡೆ ದೀಪ, ಅದೂ ಗಾಜಿನೊಳಗೇ ಉರಿಯುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಆರ್ಡರ್ ಮಾಡಲು ಮುಟ್ಟಿ ಎಂದು ಬರೆದಿತ್ತು.

"ಗೋಡೆಗೆ ತಗಲಾಕಿದ್ರೆ ಯಾರು ನೋಡ್ತಾರೆ ಮೇಡಂ?" ಎಂದಳು ಮಗಳು. "ಇಲ್ಲಾದ್ರೆ ಬಂದೋರೆಲ್ಲ ಅಪ್ಪನ್ನ ಮುಟ್ಟೇ ಒಳಕ್ಕೆ ಬತ್ತಾರೆ."

ಅವಳ ಕಣ್ಣು ತುಂಬಿತ್ತು. ಅಪ್ಪನ ಮೇಲಿನ ಪ್ರೀತಿಯಲ್ಲಿ ಕಲ್ಮಶವಿರಲಿಲ್ಲ. ಅವರ ಹಣೆಯ ಮೇಲೆ ಮಸಾಲೆಯ ಹಳದಿ ಬೆರಳು, ಕೆನ್ನೆಯ ಮೇಲೆ ಜಿಡ್ಡು, ಒಂದು ಕಣ್ಣಿನಿಂದ ಕಿವಿಯವರೆಗೆ ಯಾರೋ ಒತ್ತಿ ಎಳೆದ ಗೆರೆ. ಅವರ ಸಲುವಾಗಿ ಒಂದು ಸಲ ಬಾಯಿಬಿಟ್ಟು ಕೇಳಬೇಕೆನಿಸಿತು.

"ಒಂದು ತಟ್ಟೆ ಪುರಿ ಕೊಡಮ್ಮ" ಎಂದೆ.

"ಅಲ್ಲಿ ಒತ್ಬಿಡಿ ಮೇಡಂ. ಇಲ್ದಿದ್ರೆ ಒಳಗೆ ಮಾಡಲ್ಲ."

ನನ್ನ ಕೈ ಏಳಲಿಲ್ಲ. ಇನ್ನೊಂದು ತಟ್ಟೆಗೆಂದು ಎದ್ದು ಬಂದವನೊಬ್ಬ ನನ್ನ ಹಿಂದೆ ನಿಂತಿದ್ದ, ಬಾಯಿ ತುಂಬ ಪುರಿ. ಈಕೆಗೆ ಒತ್ತಲು ಬರುವುದಿಲ್ಲ ಎಂದುಕೊಂಡನೋ ಏನೋ. ಬೆರಳು ನೆಕ್ಕಿಕೊಂಡು ನನ್ನ ಭುಜದ ಮೇಲಿಂದ ಕೈ ಚಾಚಿದ.

"ಎಲ್ಲಾದ್ರೂ ಒತ್ಬಹುದು ಆಂಟಿ" ಎಂದು ಅವರ ತುಟಿಯ ಮೇಲೆ ಒತ್ತಿದ.

ಮುಖ ಹೋಗಿ ಪುರಿಯ ಚಿತ್ರಗಳು ಬಂದವು. ನಾನು ಏನನ್ನೂ ತಿನ್ನದೆ ಸ್ಟೇಷನ್ನಿಗೆ ನಡೆದೆ.