ಮೇಪಲ್ ಮರದ ಕೆಳಗೆ ಹಾಡುತ್ತಿದ್ದವನು

ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ಕೆಂಪು ಮೇಪಲ್ ಎಲೆಗಳ ಫೋಟೋ ತೆಗೆಯಲೆಂದು ಗೆಳೆಯ ಸುರೇಶ ನನ್ನನ್ನು ಕರೆತಂದಿದ್ದ. ಕಾರಿನಲ್ಲಿ ಬರುವಾಗ ಒಂದು ಹಳೆಯ ರಾಕ್ ಹಾಡಿನ ಕಥೆ ಹೇಳಿದ. ಕಂಡಕಂಡ ಬ್ಯಾಂಡುಗಳೆಲ್ಲ ಅದನ್ನು ಹಾಡಿ ಹೆಸರು ಮಾಡಿದವಂತೆ, ಬರೆದವನನ್ನು ಮಾತ್ರ ಯಾರೂ ಕೇಳಲಿಲ್ಲವಂತೆ. ಹೇಳುವಾಗ ಅವನ ದನಿ ಭಾರವಾಗಿತ್ತು.

ಮರದ ಕೆಳಗೆ ಮುದುಕನೊಬ್ಬ ಗಿಟಾರ್ ನುಡಿಸುತ್ತ ಅದೇ ಹಾಡನ್ನು ಹಾಡುತ್ತಿದ್ದ. ಸುರೇಶ ಹತ್ತಿರ ಹೋಗಿ ಏನೋ ಹೇಳಿದ. ಮುದುಕ ಅರ್ಧಕ್ಕೇ ನಿಲ್ಲಿಸಿ, ಗಿಟಾರ್ ಎತ್ತಿಕೊಂಡು ಬಸ್ ಸ್ಟಾಪಿನತ್ತ ನಡೆದ.

"ಫ್ರೇಮ್‌ಗೆ ಅಡ್ಡ ಬರ್ತಿದ್ದ, ಹೋಗೋಕೆ ಹೇಳ್ದೆ. ಈಗ ತೆಗಿ."

ನನಗೆ ಮೈಯೆಲ್ಲ ಉರಿಯಿತು. "ನಾಚಿಕೆ ಆಗಲ್ವಾ ನಿಂಗೆ?"

"ನಾವು ಬಂದಿರೋದು ಎಲೆ ನೋಡೋಕೆ ತಾನೆ?"

ಕ್ಯಾಮೆರಾವನ್ನು ಅವನ ಕೈಗೆ ತುರುಕಿ ಓಡಿದೆ. ನಾನು ತಲುಪುವಷ್ಟರಲ್ಲಿ ಮುದುಕ ಬಸ್ಸು ಹತ್ತಿಯಾಗಿತ್ತು.