ಮೂಗಿನಲ್ಲಿ ಮೂಳೆ ಇರಬೇಕು

ಪಕ್ಕದ ಮನೆಯವಳು ಆ ಮಾತು ಹೇಳಿದ್ದು ಬೇಲಿಯ ಹತ್ತಿರ. ಅಥವಾ ಅವಳ ಅಡುಗೆಮನೆಯಲ್ಲಿ. ಎರಡೂ ಕಡೆ ನಾವು ನಿಂತು ಮಾತಾಡಿದ್ದಿದೆ. ನೆನಪು ತನಗೆ ಅನುಕೂಲವಾದ ಕಡೆ ನಮ್ಮನ್ನು ನಿಲ್ಲಿಸುತ್ತದೆ. ಬೇಲಿಯೇ ಇರಬೇಕು, ಯಾಕೆಂದರೆ ನನ್ನ ಕೈಯಲ್ಲಿ ಒಣಹಾಕಲು ತಂದ ಒದ್ದೆ ಅಂಗಿಯಿತ್ತು. ಅದು ಮನೆಗೆ ಬಂದ ಅತಿಥಿಯ ಅಂಗಿ.

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಗೆ ಅವನು ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಮಾರ್ಚಿನಲ್ಲಿ. ನಮ್ಮ ಮನೆಯವರ ಸೋದರತ್ತೆಯ ಕಡೆಯ ಸಂಬಂಧ, ಬಿಜಾಪುರದ ಡಾಕ್ಟರು. ಹೊರದೇಶದ ವೈದ್ಯರು ಇಲ್ಲಿ ಕೆಲಸ ಮಾಡಬೇಕಾದರೆ ಬರೆಯಲೇಬೇಕಾದ ಪರೀಕ್ಷೆಗೆ ಓದಲು ಬಂದಿದ್ದ. ನಾನೂ ಅದೇ ಪರೀಕ್ಷೆಗೆ ಓದುತ್ತಿದ್ದೆ. ಹುಬ್ಬಳ್ಳಿಯಲ್ಲಿ ನಾನು ಡಾಕ್ಟರಾಗಿದ್ದೆ. ಇಲ್ಲಿ ಆರು ವರ್ಷದಿಂದ ಡಾಕ್ಟರ ಹೆಂಡತಿ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮಹಡಿಯ ಚಿಕ್ಕ ಕೋಣೆಯಲ್ಲಿ ಒಂದು ಮೇಜು ಹಾಕಿಸಿಕೊಂಡಿದ್ದೆ. ಜುಲೈ ಪರೀಕ್ಷೆಗೆ ಹೆಸರೂ ಕೊಟ್ಟಾಗಿತ್ತು.

“ನಾಕ ದಿನ ಇರ್ತಾನ, ಆಮ್ಯಾಲೆ ಎಲ್ಲ್ಯರೆ ರೂಮ್ ನೋಡ್ಕೋತಾನ” ಎಂದರು ನಮ್ಮ ಮನೆಯವರು.

ಅವನು ನನ್ನ ಮೇಜಿನ ಮೇಲೆ ಪುಸ್ತಕ ಇಟ್ಟ. ನಾನು ನನ್ನವನ್ನು ಅಡುಗೆಮನೆಗೆ ಇಳಿಸಿದೆ, ಮೈಕ್ರೋವೇವಿನ ಪಕ್ಕಕ್ಕೆ. ನಮ್ಮಲ್ಲಿ ಬಂದವರನ್ನು ಯಾವಾಗ ಬಂದಿರಿ ಎಂದು ಕೇಳುತ್ತಾರೆ, ಯಾವಾಗ ಹೋಗುತ್ತೀರಿ ಎಂದು ಕೇಳುವುದಿಲ್ಲ. ಲಂಡನ್ನಿನಲ್ಲಿ ನಮ್ಮ ಕಡೆಯ ಡಾಕ್ಟರ ಮನೆಗಳಲ್ಲೆಲ್ಲ ಹೀಗೆ ಯಾರಾದರೊಬ್ಬರು ಓದುತ್ತಿದ್ದರು. ನಮ್ಮ ಮನೆಯವರೇ ಒಂದು ಕಾಲಕ್ಕೆ ಸ್ಟ್ಯಾನ್ಮೋರಿನ ಯಾರದೋ ಮನೆಯಲ್ಲಿ ಐದು ತಿಂಗಳು ಉಂಡವರು. ನಾಲ್ಕು ದಿನ ಹೋಗಿ ಏಪ್ರಿಲ್ ಆಯಿತು, ಮೇ ಆಯಿತು.

“ವೈನೀ, ಛಾ ಆಗ್ಯದೇನ್ರಿ?” ಎಂದು ಮೆಟ್ಟಿಲ ಮೇಲಿಂದ ಕೇಳುತ್ತಿದ್ದ. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಕೆಟ್ಟವನನ್ನಾಗಿ ನೆನಪಿಸಿಕೊಳ್ಳಲು ಪ್ರಯತ್ನಿಸಿಯೂ ಇದ್ದೇನೆ, ಆದರೆ ಅವನು ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದುದು ಅಡ್ಡ ಬರುತ್ತದೆ. ಬೇಡವೆಂದರೂ ಅವನ ಅಂಗಿಗಳನ್ನು ಮಷೀನಿಗೆ ಹಾಕುತ್ತಿದ್ದವಳು ನಾನೇ.

“ಅಮ್ಮಾ, ವೈ ಡೋಂಟ್ ಯು ಸಿಟ್ ಇನ್ ಯುವರ್ ರೂಮ್?” ಎಂದು ಮಗಳು ಕೇಳಿದಾಗ, “ಅದು ಅಂಕಲ್ ರೂಮ್, ಪುಟ್ಟಿ” ಎಂದಿದ್ದೆ.

ಪಕ್ಕದ ಮನೆಯ ನಾರ್ವೆಯವಳು ನನಗಿಂತ ಬಹಳ ದೊಡ್ಡವಳು. ಇಲ್ಲಿಯವನೊಬ್ಬನನ್ನು ಮದುವೆಯಾಗಿ ಬಂದು, ವರ್ಷಾನುಗಟ್ಟಲೆ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು. ಎಲ್ಲ ಕೇಳಿಸಿಕೊಂಡು ಹೇಳಿದಳು: “ನಮ್ಮ ಕಡೆ ಒಂದು ಮಾತಿದೆ, ಬೈನ್ ಇ ನೇಸಾ. ಮೂಗಿನಲ್ಲಿ ಮೂಳೆ. ಅದು ಇದ್ದವಳನ್ನ ಯಾರೂ ಬದಿಗೆ ಸರಿಸೋಕಾಗಲ್ಲ. ತನಗೆ ಬೇಕಾದ್ದನ್ನ ಬೇಕು ಅಂತ ಹೇಳ್ತಾಳೆ.”

“ಮೂಗಿನ ಮೇಲರ್ಧಕ್ಕೆ ಮಾತ್ರ ಮೂಳೆ ಇರೋದು. ಕೆಳಗೆಲ್ಲ ಮೃದ್ವಸ್ಥಿ” ಎಂದೆ.

“ಅದನ್ನ ಪರೀಕ್ಷೆಯಲ್ಲಿ ಬರಿ. ಮೊದಲು ಕೂತು ಓದೋಕೆ ಜಾಗ ತಗೋ.”

ಅವಳ ಇಂಗ್ಲಿಷನ್ನು ಕನ್ನಡಕ್ಕೆ ತಂದಾಗ ಅವಳು ನನ್ನ ಅಕ್ಕನ ಹಾಗೆ ಕೇಳಿಸುತ್ತಾಳೆ. ಹಾಗಿರಲಿಲ್ಲ. ದನಿಯಲ್ಲಿ ನನ್ನ ಬಗ್ಗೆ ಸ್ವಲ್ಪ ಬೇಸರವಿತ್ತು. ಅಲ್ಲೇ ನನ್ನಿಂದ ಹೇಳಿಸಿದಳು: ನನಗೆ ನನ್ನ ಕೋಣೆ ಬೇಕು. ಪ್ರತಿ ಸಲವೂ ನಾನು ಮೊದಲಿಗೆ ಒಂದು ‘ಸಾರಿ’ ಸೇರಿಸುತ್ತಿದ್ದೆ. “ಸಾರಿ ಯಾರಿಗೆ?” ಎಂದು ಮತ್ತೆ ಶುರು ಮಾಡಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯವರು ಡ್ಯೂಟಿಗೆ ಹೋದ ಮೇಲೆ ಅವನಿಗೆ ಹೇಳಿದೆ. “ನನಗ ಆ ಖೋಲಿ ಬೇಕಾಗೇದ. ನಂದೂ ಪರೀಕ್ಷಾ ಅದ.” ಸಾರಿ ಇರಲಿಲ್ಲ. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.

“ಅಯ್ಯ ವೈನೀ! ನೀವೂ ಬರೀಲಿಕ್ಕತ್ತೀರೇನ್ರಿ? ಯಾರೂ ಹೇಳೇ ಇಲ್ಲಲ್ರಿ ನನಗ! ಕೆಳಗಿನ ಪುಸ್ತಕ ಅಣ್ಣಾವ್ರ ಹಳೇವು ಅಂದ್ಕೊಂಡಿದ್ದೆ.”

ಹತ್ತು ನಿಮಿಷದಲ್ಲಿ ಪುಸ್ತಕ, ಹಾಸಿಗೆ ಎಲ್ಲ ಕೆಳಗಿಳಿಸಿದ. ಸೋಫಾದ ಪಕ್ಕ ನೆಲದ ಮೇಲೆ ಕೂತು ಓದತೊಡಗಿದ. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಮಗಳು ಶಾಲೆಯಿಂದ ಬಂದ ಮೇಲೆ ಕೆಳಗೆ ಕಾರ್ಟೂನಿನ ಗದ್ದಲ. ಅವನು ಸದ್ದು ಕಡಿಮೆ ಮಾಡು ಎನ್ನಲಿಲ್ಲ. ನಾನು ಒಂದೇ ಪುಟವನ್ನು ಓದುತ್ತಿದ್ದೆ. ಸಂಜೆ ನಮ್ಮ ಮನೆಯವರು ಬಂದು, ನೆಲದ ಮೇಲಿನ ಹಾಸಿಗೆ ನೋಡಿ, ಶೂ ಬಿಚ್ಚದೆಯೇ ಮೇಲೆ ನನ್ನ ಹತ್ತಿರ ಬಂದರು.

“ನಿನಗ ಡಿಸೆಂಬರ್‌ದಾಗೂ ಬರೀಲಿಕ್ಕೆ ಬರ್ತದ. ಅವನ ವೀಸಾ ಆರೇ ತಿಂಗಳದ್ದು” ಎಂದರು. ಸಿಟ್ಟಿರಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗಿತ್ತು.

ಆ ಭಾನುವಾರ ಬಿಜಾಪುರದಿಂದ ಅವನ ತಾಯಿಯ ಫೋನು. ಜಗಳಕ್ಕೆ ತಯಾರಾಗಿದ್ದೆ, ಅವರು ಜಗಳವಾಡಿದ್ದರೆ ನಾನು ಆ ಕೋಣೆಯಲ್ಲೇ ಉಳಿಯುತ್ತಿದ್ದೆ. “ನನ್ನ ಮಗನ್ನ ನಿಮ್ಮ ಉಡ್ಯಾಗ ಹಾಕೇನವಾ. ಅವಂಗ ಒಂದು ಖೋಲಿನ ಬಿಟ್ಟು ಕೊಟ್ಟೀರಂತ. ಹಡದವರೂ ಹಂಗ ಮಾಡಂಗಿಲ್ಲ” ಎಂದರು. ನಡೆದದ್ದನ್ನು ಅವನು ಅವರಿಗೆ ಹೇಳಿರಲಿಲ್ಲ.

“ಇರ್ಲಿ ಬಿಡ್ರಿ, ಅದ್ರಾಗೇನದ” ಎಂದು ಫೋನಿಟ್ಟೆ. ಅವನ ಪುಸ್ತಕಗಳನ್ನು ನಾನೇ ಎತ್ತಿ ಮೇಲೆ ಒಯ್ದೆ. “ಬ್ಯಾಡ್ರಿ ವೈನೀ, ಬ್ಯಾಡ್ರಿ” ಎನ್ನುತ್ತ ಅವನು ಹಿಂದೆಯೇ ಬಂದ. ಯಾರೂ ನನ್ನನ್ನು ತಳ್ಳಲಿಲ್ಲ. ಬರೆಯುವಾಗಲೂ ತಳ್ಳಿದ ಕೈಗಾಗಿ ಹುಡುಕುತ್ತೇನೆ.

ಸೋಮವಾರ ಪರೀಕ್ಷೆಯ ಕಚೇರಿಗೆ ಫೋನ್ ಮಾಡಿ ಹೆಸರು ತೆಗೆಸಿದೆ. ಕಾರಣ ಕೇಳಿದರು. ಆರೋಗ್ಯ ಎಂದೆ.

“ಹೇಳಿದೆಯಾ?” ಎಂದು ಪಕ್ಕದವಳು ಬೇಲಿಯಾಚೆಯಿಂದ ಕೇಳಿದಳು. ಹೇಳಿದೆ ಎಂದೆ, ಉಳಿದದ್ದನ್ನೂ ಹೇಳಿದೆ. ಅವಳು ಒಣಹಾಕಿದ ಬಟ್ಟೆಗೆ ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿದಳು. “ಹೇಳಿದ ಮೇಲೆ ಅಲ್ಲೇ ನಿಂತಿರಬೇಕು. ಅದನ್ನ ಹೇಳಿಕೊಡೋದು ಮರೆತೆ ನೋಡು.”

ಜುಲೈನಲ್ಲಿ ಪರೀಕ್ಷೆಗೆ ಅವನನ್ನು ಕರೆದೊಯ್ದವಳೂ ನಾನೇ. ಟ್ಯೂಬ್ ರೈಲು ಬದಲಿಸುವುದೆಂದರೆ ಅವನಿಗೆ ಹೆದರಿಕೆ. ಹೊರಡುವಾಗ ಅಂಗೈಗೆ ಮೊಸರು ಸಕ್ಕರೆ ಹಾಕಿದೆ. ಬಾಗಿಲಲ್ಲಿ ಪಟ್ಟಿ ಹಿಡಿದ ಹೆಂಗಸು ನನ್ನ ಹೆಸರನ್ನೂ ಕೇಳಿದಳು. ಜೊತೆಗೆ ಬಂದವಳು ಎಂದೆ. ಆ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಮೇಲೆ ಅಡ್ಡಗೆರೆ ಎಳೆದಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಪಟ್ಟಿ ಅವಳ ಕಡೆಗೆ ತಿರುಗಿತ್ತು. ನನಗೆ ಏನೂ ಕಾಣಲಿಲ್ಲ.

ಅವನು ಪಾಸಾದ. ಡಿಸೆಂಬರಿನ ಹೊತ್ತಿಗೆ ಆ ಕೋಣೆಗೆ ಗುಲ್ಬರ್ಗದ ಡಾಕ್ಟರೊಬ್ಬಳು ಬಂದಿದ್ದಳು, ಅದೇ ಪರೀಕ್ಷೆಗೆ. “ಈ ಬಾಗಿಲಿಗೆ ಒಳಗಿಂದ ಚಿಲಕ ಇಲ್ಲೇನ್ರಿ?” ಎಂದು ಬಂದ ದಿನವೇ ಕೇಳಿದಳು. ನಮ್ಮ ಮನೆಯವರು ಶನಿವಾರವೇ ಹಾಕಿಸಿಕೊಟ್ಟರು.